ಬೂದಕ್ಕ ಮುದ್ರಿಸಿದ ಮುಖಗಳು

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ್ದು ಬೂದಕ್ಕನ ಪ್ರಿಂಟಿಂಗ್ ಅಂಗಡಿ. ನಡುವೆ ಒಂದೇ ಗೋಡೆ. ಅವಳ ದೊಡ್ಡ ಪ್ರಿಂಟರು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುವ ಸದ್ದು ದಿನವಿಡೀ ಆ ಗೋಡೆಯೊಳಗಿಂದ ಗರಗಸ ಎಳೆದ ಹಾಗೆ ಕೇಳುತ್ತಿತ್ತು. ಆ ಸದ್ದು ನಿಂತರೆ ನನಗೆ ಕೆಲಸವೇ ಓಡುತ್ತಿರಲಿಲ್ಲ.

ಹೆತ್ತವರು ಅವಳಿಗೆ ಇಟ್ಟ ಹೆಸರು ಬೇರೆ. ಬೂದಕ್ಕ ಅನ್ನುವುದು ಬೀದಿ ಇಟ್ಟ ಹೆಸರು. ಬೂದು ಬಣ್ಣದ ವಿಷಯಕ್ಕೆ ಬಂದರೆ ಅವಳು ಮಾಡುತ್ತಿದ್ದ ರಂಪ ಅಂಥದ್ದು. ಅವಳ ಅಪ್ಪ ಅದೇ ಅಂಗಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಹಿಂದಿನ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಕಪ್ಪು-ಬಿಳುಪು ಫೋಟೋ ತೊಳೆಯುತ್ತಿದ್ದರು. ಅವಳು ಸ್ಟೂಲಿನ ಮೇಲೆ ನಿಂತು ತೊಟ್ಟಿಯ ನೀರಿನಲ್ಲಿ ಹಾಳೆಗಳನ್ನು ಅಲ್ಲಾಡಿಸುತ್ತ ಬೆಳೆದವಳು. ಅಲ್ಲಿ ಬೂದು ಅಂದರೆ ಬೂದು, ಅದಕ್ಕೆ ಇನ್ನೊಂದು ಮಾತಿರಲಿಲ್ಲ. ಅಪ್ಪ ಹೋದರು, ಸ್ಟುಡಿಯೋ ಹೋಯಿತು. ಆ ಜಾಗದಲ್ಲಿ ಮಂಚದಷ್ಟು ಉದ್ದದ ಬಣ್ಣದ ಪ್ರಿಂಟರು ಬಂದು ಕೂತಿತು.

"ಕೆಂಪು ಕೇಳು, ಕೊಡತ್ತೆ. ನೀಲಿ ಕೇಳು, ಕೊಡತ್ತೆ. ಬೂದು ಕೇಳಿದ್ರೆ ಮಾತ್ರ ಕಳ್ಳಾಟ," ಎಂದು ಒಮ್ಮೆ ನನ್ನನ್ನು ಕೂಗಿ ಕರೆದು ತೋರಿಸಿದಳು. "ನೋಡು ಫ್ರೇಮಣ್ಣ, ಇದರ ಹೊಟ್ಟೇಲಿ ಬೂದು ಅಂತ ಇಂಕೇ ಇಲ್ಲ. ನೀಲಿ, ಗುಲಾಬಿ, ಹಳದಿ, ಕಪ್ಪು, ಇಷ್ಟೇ. ಮೂರು ಬಣ್ಣ ಸಮಸಮವಾಗಿ ಬೆರೆತ್ರೆ ಬೂದು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೆ ಒಂದ್ಸಲ ಹಸಿರು, ಒಂದ್ಸಲ ನೇರಳೆ."

"ಎತ್ತು ಏರಿಗೆ, ಕೋಣ ನೀರಿಗೆ ಅನ್ನು."

"ಇಲ್ಲಿ ಎತ್ತು ಕೋಣದ ಜೊತೆ ಒಂದು ಕತ್ತೇನೂ ಕಟ್ಟಿದಾರೆ ಕಣಣ್ಣ."

ಗಿರಾಕಿಗಳಿಗೆ ಇದು ಯಾವುದೂ ಬೇಕಿರಲಿಲ್ಲ. ಹಲ್ಲಿನ ಡಾಕ್ಟರ ಬೋರ್ಡು, ಚಪ್ಪಲಿ ಅಂಗಡಿಯ ರಿಯಾಯಿತಿ, ಟ್ಯೂಷನ್ನಿನವರ ಬ್ಯಾನರು. ಅದರಲ್ಲಿ ಬೂದು ಯಾರು ಹುಡುಕುತ್ತಾರೆ? ಒಬ್ಬ ಕಂಟ್ರಾಕ್ಟರನ ಬ್ಯಾನರಿನಲ್ಲಿ ಸಿಮೆಂಟಿನ ಕಟ್ಟಡ ನೇರಳೆಯಾಗಿ ಬಂದಿತ್ತು. ಇವಳು ತಲೆ ಚಚ್ಚಿಕೊಂಡು ಹರಿದು ಹಾಕಲು ಹೊರಟರೆ, ಅವನು "ಬಿಡಮ್ಮ, ಚೆನ್ನಾಗೇ ಇದೆ, ಹೀಗೇ ಬಳಿಸ್ತೀನಿ" ಎಂದು ಹೊತ್ತುಕೊಂಡು ಹೋದ. ಬಳಿಸಿಯೂ ಬಿಟ್ಟ. ಅಂಚೆ ಕಚೇರಿಯ ಎದುರಿಗೆ ಆ ನೇರಳೆ ಕಟ್ಟಡ ಈಗಲೂ ಇದೆ.

ಅವಳ ಮನೆಯಲ್ಲಿ ಅಮ್ಮ, ತಮ್ಮ, ತಮ್ಮನ ಹೆಂಡತಿ, ಅವರ ಪುಟ್ಟ ಮಗಳು. ಬೂದಕ್ಕ ಮದುವೆಯಾಗಲಿಲ್ಲ. ಕೇಳಿದವರಿಗೆ "ಮಂಚದ ಜಾಗದಲ್ಲಿ ಪ್ರಿಂಟರ್ ಇಟ್ಕೊಂಡಿದೀನಲ್ಲ" ಎನ್ನುತ್ತಿದ್ದಳು. ತಮ್ಮನನ್ನು ಎಲ್ಲರೂ ಸಣ್ಣವ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ ಬೆಳೆದ ಮೇಲೂ ಸಣ್ಣವನೇ. ಯಾವ ಕೆಲಸಕ್ಕೂ ಅಂಟದೆ ಅಲೆದವನನ್ನು ಕೊನೆಗೆ ಹಾಸಿಗೆ ಕಾರ್ಖಾನೆಗೆ ಸೇರಿಸಿದವಳು ಅಕ್ಕನೇ. ಆ ಕಾರ್ಖಾನೆಯ ಬ್ಯಾನರುಗಳೆಲ್ಲ ಇವಳ ಪ್ರಿಂಟರಿನಿಂದಲೇ ಹೋಗುತ್ತಿದ್ದವು, ಆ ಪರಿಚಯದ ಮೇಲೆ ಮ್ಯಾನೇಜರಿಗೆ ಒಂದು ಮಾತು ಹೇಳಿದ್ದಳು. ಅಲ್ಲಿ ಅವನಿಗೆ ಕೈ ಕುದುರಿತು. ಫೋಮ್ ಕತ್ತರಿಸುವಲ್ಲಿ ಶುರು ಮಾಡಿ ಹೊಲಿಗೆ ವಿಭಾಗದ ಸೂಪರ್‌ವೈಸರ್ ಆದ. ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಸಂಜೆ ಅಂಗಡಿಗೆ ಬಂದರೆ, ಆ ಸದ್ದಿನಿಂದಲೇ ನಾನು ಗೋಡೆಯ ಈಚೆಯಿಂದ ಗುರುತು ಹಿಡಿಯುತ್ತಿದ್ದೆ.

ಬೆಂಕಿ ಬಿದ್ದದ್ದು ಹಾಡಹಗಲಲ್ಲಿ. ಊಟ ಮುಗಿಸಿ ನಾನು ಗಾಜು ಕತ್ತರಿಸಲು ಕೂತಿದ್ದೆ. ಬೀದಿಯಲ್ಲಿ ಜನ ನಿಂತು ಮೇಲೆ ನೋಡುತ್ತಿದ್ದರು. ಛಾವಣಿಗಳ ಆಚೆ ಹೊಗೆ ಏಳುತ್ತಿತ್ತು. ಸೌದೆಯ ಹೊಗೆಯಲ್ಲ, ಡಾಂಬರಿನ ಹಾಗೆ ದಪ್ಪಗೆ, ಎಣ್ಣೆಯ ಹಾಗೆ ಹೊಳೆಯುವ ಹೊಗೆ. ಬೂದಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ಇಂಕು ಒರೆಸುವ ಬಟ್ಟೆ ಇತ್ತು.

"ಅದು ಯಾವ ಕಡೆ ಫ್ರೇಮಣ್ಣ?"

ನನಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡಿ, ಅಂಗಡಿ ತೆರೆದಿದ್ದ ಹಾಗೇ ಬಿಟ್ಟು ಓಡಿದಳು.

ಸತ್ತವರಲ್ಲಿ ಹೆಚ್ಚಿನವರನ್ನು ಬೆಂಕಿ ಮುಟ್ಟಿರಲಿಲ್ಲ. ಫೋಮಿನ ಹೊಗೆ ಮುಟ್ಟಿತ್ತು. ಮೊದಲನೇ ಮಹಡಿಯ ಹೊಲಿಗೆ ವಿಭಾಗದಲ್ಲಿದ್ದವರು ಮುಂದಿನ ಮೆಟ್ಟಿಲಲ್ಲಿ ಉರಿ ಕಂಡು ಹಿಂದಿನ ಬಾಗಿಲಿಗೆ ನುಗ್ಗಿದ್ದರು. ಆ ಬಾಗಿಲಿಗೆ ಬೀಗ ಹಾಕಿತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಬಹುಪಾಲು ಹೆಣ್ಣುಮಕ್ಕಳು. ಸಣ್ಣವ ಅವರ ಜೊತೆಯಲ್ಲಿರಲಿಲ್ಲ. ಅವನು ಬಾಗಿಲಿಗೂ ಮೆಟ್ಟಿಲಿಗೂ ನಡುವೆ, ಹೊಲಿಗೆ ಮೆಷಿನ್ನುಗಳ ಸಾಲಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಬೀಗದ ಕೈ ಸೊಂಟದಲ್ಲೇ ಇತ್ತು. ಬೀಗ ತೆಗೆಯಲು ಹೊರಟಿದ್ದನೋ, ಬಿಟ್ಟು ಓಡುತ್ತಿದ್ದನೋ, ನೋಡಿ ಹೇಳಬಲ್ಲವರು ಯಾರೂ ಬದುಕಿ ಉಳಿದಿರಲಿಲ್ಲ. ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಾಲೀಕರು ತಡಮಾಡದೆ ಹೇಳಿಕೆ ಕೊಟ್ಟರು. ಹಿಂದಿನ ಬಾಗಿಲಿಗೆ ಬೀಗ ಹಾಕಲು ತಾವು ಹೇಳೇ ಇಲ್ಲ, ಸೂಪರ್‌ವೈಸರ್ ತನ್ನ ಇಷ್ಟದಂತೆ ಹಾಕಿದ್ದಾನೆ ಎಂದರು. ಸತ್ತವನ ತಲೆಗೆ ಕಟ್ಟಿದರೆ ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಊರಿಗೆ ಆ ಹೊತ್ತಿಗೆ ಒಂದು ಹೆಸರು ಬೇಕಿತ್ತು, ಸಿಕ್ಕಿತು. ಬೂದಕ್ಕನ ಅಂಗಡಿಯ ಷಟರಿಗೆ ಯಾರೋ ಡಾಂಬರು ಎರಚಿದರು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಸಣ್ಣವನನ್ನು ಹೊತ್ತುಕೊಂಡು ಹೋಗಲು ಹೆಗಲು ಕೊಡುವವರಿಲ್ಲದೆ ನಾನು, ಅವನ ಭಾವಮೈದುನ, ಆಸ್ಪತ್ರೆಯ ಇಬ್ಬರು ಆಳುಗಳು ಹೊತ್ತೆವು. ಬೂದಕ್ಕ ಎಂದು ಕರೆಯುವುದನ್ನೂ ಬೀದಿಯವರು ಬಿಟ್ಟರು. ಬೂದು ಅನ್ನಲು ಹೋದರೆ ಬೂದಿ ಎಂದು ಕೇಳುತ್ತಿತ್ತು.

ಅವಳು ಮಾತ್ರ ಅಂಗಡಿ ತೆರೆದಳು. ಸೀಮೆಎಣ್ಣೆ ಹಚ್ಚಿ ಷಟರಿನ ಡಾಂಬರು ಉಜ್ಜಿದಳು, ಒಳಗೆ ಹೋಗಿ ಪ್ರಿಂಟರಿನ ಮುಂದೆ ಕೂತಳು. ಗಿರಾಕಿ ಬರಲಿಲ್ಲ. ಇಂಕು ಒಣಗಿ ಪ್ರಿಂಟರಿನ ತೂತುಗಳು ಕಟ್ಟಿಕೊಳ್ಳಬಾರದು ಎಂದು ದಿನಕ್ಕೊಂದು ಸಲ ಬರೀ ಬಣ್ಣದ ಪಟ್ಟಿಗಳನ್ನು ಮುದ್ರಿಸುತ್ತಿದ್ದಳು. ಗೋಡೆಯೊಳಗಿನ ಗರಗಸ ಒಂದಿಷ್ಟು ಎಳೆದು ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಡ್ರೈವರಪ್ಪ ನನ್ನ ಅಂಗಡಿಗೆ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಅವರ ಒಬ್ಬಳೇ ಮಗಳು ಆ ಬಾಗಿಲ ಬಳಿ ಸತ್ತಿದ್ದಳು. ಸತ್ತವರ ಮನೆಯವರನ್ನೆಲ್ಲ ಕಲೆಹಾಕಿಕೊಂಡು ಓಡಾಡುತ್ತಿದ್ದವರು ಅವರೇ. ಪುರಭವನದಲ್ಲಿ ವಿಚಾರಣೆ ನಡೆಯುವುದಿತ್ತು. ಅದಕ್ಕೆ ಮೊದಲು ಎಲ್ಲರ ಮುಖಗಳನ್ನು ದೊಡ್ಡದಾಗಿ ಮುದ್ರಿಸಿ, ಮೌನ ಮೆರವಣಿಗೆಯಲ್ಲಿ ಒಯ್ದು, ಆ ಭವನದ ಗೋಡೆಗೇ ತೂಗುಹಾಕಬೇಕು ಎಂದು ತೀರ್ಮಾನಿಸಿದ್ದರು.

"ಅಧಿಕಾರಿ ತಲೆ ಎತ್ತಿದ್ರೆ ಅವರ ಮುಖ ಕಾಣಬೇಕು," ಎಂದರು. "ಕಟ್ಟು ನೀನು ಹಾಕ್ತೀಯ, ಗೊತ್ತು. ಪ್ರಿಂಟಿಗೆ ಆಚೆ ಪೇಟೆಯವನನ್ನ ಕೇಳ್ದೆ. ಆಗಲ್ಲ ಅಂದ. ಮಾಲೀಕರು ಅವನ ಗಿರಾಕಿಯಂತೆ."

"ಹಾಗಾದ್ರೆ?"

ಅವರು ನಮ್ಮೆರಡು ಅಂಗಡಿಗಳ ನಡುವಿನ ಗೋಡೆಯನ್ನೇ ನೋಡುತ್ತ ನಿಂತರು. "ಅಲ್ಲಿಗೆ ಹೋಗಕ್ಕೆ ಕಾಲು ಬರಲ್ಲ ಕಣಪ್ಪ. ನೀನೇ ಕೇಳು."

ನಾನು ಕೇಳಿದೆ. ಬೂದಕ್ಕ ಎದ್ದು ನನ್ನ ಜೊತೆಯಲ್ಲೇ ಬಂದು ಅವರ ಮುಂದೆ ನಿಂತಳು.

"ಫೋಟೋ ಎಲ್ಲಾ ತಂದುಕೊಡಿ," ಎಂದಳು. "ಬಣ್ಣ ಬೇಡ. ಒಂದೊಂದು ಒಂದೊಂದು ಥರ ಇರತ್ತೆ. ಕಪ್ಪು-ಬಿಳುಪಲ್ಲಿ ಮಾಡಿದ್ರೆ ಎಲ್ಲಾರೂ ಒಂದೇ ಮನೆಯವರ ಹಾಗೆ ಕಾಣ್ತಾರೆ."

ಫೋಟೋಗಳು ಬಂದವು. ಗುರುತಿನ ಚೀಟಿಯಿಂದ ಕಿತ್ತವು, ಫೋನಿನಲ್ಲಿ ನಗುತ್ತಿದ್ದವು, ಗುಂಪಿನ ಫೋಟೋದಲ್ಲಿ ಅರ್ಧ ಮುಖ ಇನ್ನೊಬ್ಬರ ಭುಜದ ಹಿಂದೆ ಉಳಿದವು. ಅವಳಿ ಹುಡುಗಿಯರಿಬ್ಬರದು ಒಂದೇ ಫೋಟೋ. ಕೆನ್ನೆಗೆ ಕೆನ್ನೆ ತಾಗಿಸಿಕೊಂಡಿದ್ದರು. "ಇಬ್ಬರಿಗೂ ಬೇರೆ ಬೇರೆ ಮಾಡಬೇಕಾ?" ಎಂದು ಬೂದಕ್ಕ ಹೇಳಿ ಕಳಿಸಿದಳು. ಕತ್ತರಿ ಹಾಕಕೂಡದು, ಇಬ್ಬರೂ ಒಂದೇ ಕಟ್ಟಿನಲ್ಲಿರಲಿ ಎಂದು ಅವರ ತಾಯಿ ಹೇಳಿ ಕಳಿಸಿದಳು.

ಮೊದಲು ಮುದ್ರಿಸಿದ್ದು ಡ್ರೈವರಪ್ಪನ ಮಗಳನ್ನೂ ಈ ಅವಳಿಗಳನ್ನೂ. ಅಂಗಡಿಯ ಕಿಟಕಿಯ ಬೆಳಕಿನಲ್ಲಿ ಚೆನ್ನಾಗಿಯೇ ಕಂಡವು. ತೂಗುಹಾಕುವ ಜಾಗ ಅಳೆಯಲು ಹೋಗುವಾಗ ಎರಡನ್ನೂ ಸುತ್ತಿಕೊಂಡು ಪುರಭವನಕ್ಕೆ ಒಯ್ದೆವು. ಅಲ್ಲಿ ಕಿಟಕಿಗಳು ಕಡಿಮೆ, ಛಾವಣಿಯ ತುಂಬ ಟ್ಯೂಬ್‌ಲೈಟು. ಗೋಡೆಗೆ ಹಿಡಿದು ಬಿಚ್ಚಿದೆವು. ಮುಖಗಳು ಹಸಿರಾಗಿದ್ದವು. ಎಲೆಯ ಹಸಿರಲ್ಲ. ಕೆನ್ನೆಯ ಪಕ್ಕದ, ಕಣ್ಣಿನ ಕೆಳಗಿನ ನೆರಳುಗಳೆಲ್ಲ ಹಳೆಯ ತಾಮ್ರಕ್ಕೆ ಕಿಲುಬು ಹಿಡಿದಂತಿದ್ದವು.

ಅವಳಿಗಳ ತಾಯಿ ಅಲ್ಲಿಗೆ ಬಂದಿದ್ದಳು. ಸಣ್ಣ ದೇಹದ ಹೆಂಗಸು. ಹತ್ತಿರ ಬಂದು ನೋಡಿದಳು. ಕಿರುಚಲಿಲ್ಲ, ಅಳಲಿಲ್ಲ.

"ಆಸ್ಪತ್ರೇಲಿ ಬಟ್ಟೆ ಸರಿಸಿ ತೋರಿಸಿದಾಗ ಇದೇ ಬಣ್ಣ ಇತ್ತು," ಎಂದಳು. ಆಮೇಲೆ ಬೂದಕ್ಕನ ಕಡೆ ತಿರುಗಿದಳು. "ನಿನ್ ತಮ್ಮ ಮಾಡಿದ್ದು ಸಾಲದು ಅಂತ ನೀನೂ ಹೀಗೆ ತೋರಿಸ್ತೀಯಾ?"

ಬೂದಕ್ಕ ಎರಡೂ ಹಾಳೆಗಳನ್ನು ಇಳಿಸಿ, ಮುಖ ಒಳಗಾಗುವಂತೆ ಸುತ್ತಿದಳು. ಅಂಗಡಿಗೆ ಬಂದು ಕೂತು ನೀರು ಕುಡಿದು, "ಬೆಳಕು ಬದಲಾದ್ರೆ ಬಣ್ಣ ಬದಲಾಗತ್ತೆ ಅಂತ ಗೊತ್ತಿತ್ತು ಫ್ರೇಮಣ್ಣ. ಗೊತ್ತಿದ್ದೂ ಇಲ್ಲೇ ನೋಡಿ ಒಪ್ಕೊಂಡುಬಿಟ್ಟೆ" ಎಂದಳು.

ಆಮೇಲೆ ಅವಳು ಆ ಬೂದಿನ ಹಿಂದೆ ಬಿದ್ದಳು. ಮೊದಲು ಪ್ರಿಂಟರನ್ನು ಬಿಚ್ಚಿ ನೋಡಿದಳು. ಗುಲಾಬಿ ಇಂಕಿನ ತೂತುಗಳಲ್ಲಿ ಕೆಲವು ಕಟ್ಟಿಕೊಂಡಿದ್ದವು. ಗುಲಾಬಿ ಕಡಿಮೆ ಬಿದ್ದರೆ ಉಳಿದೆರಡು ಸೇರಿ ಹಸಿರಾಗದೆ ಇನ್ನೇನಾಗುತ್ತದೆ? ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒರೆಸಿ ಬಿಡಿಸಿದಳು. ಹಸಿರು ಕಡಿಮೆಯಾಯಿತು, ಹೋಗಲಿಲ್ಲ. ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೂದಿನ ಚೌಕಗಳ ಪಟ್ಟಿ ಮುದ್ರಿಸಿ, ಒಣಗಿಸಿ, ಪುರಭವನಕ್ಕೆ ಒಯ್ಯುತ್ತಿದ್ದಳು. ಹಸಿಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಹಾಗಾಗಿ ಒಣಗುವ ತನಕ ಕಾಯಲೇಬೇಕು. ಎಷ್ಟೋ ಸಲ ನಾನೂ ಜೊತೆಗೆ ಹೋದೆ. ಖಾಲಿ ಕುರ್ಚಿಗಳ ನಡುವೆ ಗೋಡೆಗೆ ಪಟ್ಟಿ ಹಿಡಿದು ನಾನು ನಿಲ್ಲುವುದು, ಅವಳು ದೂರದಿಂದ ಕಣ್ಣು ಕಿರಿದು ಮಾಡಿ "ಮೂರನೇದು ಹಸಿರು, ಐದನೇದು ನೇರಳೆ" ಅನ್ನುವುದು. ಕಾವಲುಗಾರ ನಮ್ಮನ್ನು ನೋಡಿ, ಇವರಿಗೆ ತಲೆಯಲ್ಲಿ ಒಂದು ಸುತ್ತು ಕಡಿಮೆ ಎಂದುಕೊಂಡಿದ್ದರೆ ಅವನ ತಪ್ಪಲ್ಲ.

ಒಮ್ಮೆ ಬಣ್ಣಗಳನ್ನೆಲ್ಲ ನಿಲ್ಲಿಸಿ ಬರೀ ಕಪ್ಪು ಇಂಕಿನಿಂದ ಮುದ್ರಿಸಿದಳು. ಹಸಿರು, ನೇರಳೆ ಎಲ್ಲ ಮಾಯ. ಆದರೆ ಹಣೆ, ಕೆನ್ನೆ, ಬೆಳಕು ಬಿದ್ದ ಕಡೆಯೆಲ್ಲ ಕಪ್ಪು ಚುಕ್ಕೆಗಳು ಎದ್ದು ಕಂಡವು. ಮಸಿ ಉದುರಿ ಕೂತ ಹಾಗಿತ್ತು. ಅವಳೇ ಮಡಚಿ ಒಳಗಿಟ್ಟಳು.

ಕೊನೆಗೆ ಹದ ಸಿಕ್ಕಿತು. ನೆರಳಿನ ಭಾರವೆಲ್ಲ ಕಪ್ಪು ಇಂಕೇ ಹೊರಬೇಕು, ಬಣ್ಣಗಳು ಬೆಳಕಿನ ಭಾಗದಲ್ಲಿ ಚುಕ್ಕೆ ಮುಚ್ಚುವಷ್ಟು ಮಾತ್ರ ಬೀಳಬೇಕು. ಫಳಫಳ ಹೊಳೆಯುವ ಕಾಗದ ಬಿಟ್ಟು, ಸ್ವಲ್ಪ ಕೆನೆಬಣ್ಣದ, ಒರಟು ಕಾಗದ ಹಾಕಿದಳು. ಬಿಸಿಲಿಗೆ ಹಿಡಿದರೆ ಒಂದಿಷ್ಟು ಬೆಚ್ಚಗೆ ಕಾಣುತ್ತಿತ್ತು. ಟ್ಯೂಬ್‌ಲೈಟಿನಲ್ಲಿ ಬೂದು ಬೂದಾಗಿಯೇ ನಿಂತಿತು. ಡ್ರೈವರಪ್ಪ ಬಂದು ಮಗಳನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ನೋಡಿದರು.

"ಬಸ್ಸಲ್ಲಿ ನನ್ನ ಹಿಂದಿನ ಸೀಟಲ್ಲಿ ಕೂತ್ಕೋತಿದ್ಲು," ಎಂದರು. "ಕನ್ನಡೀಲಿ ಹೀಗೇ ಕಾಣ್ತಿದ್ಲು."

ಒಬ್ಬೊಬ್ಬರಾಗಿ ಎಲ್ಲರೂ ಪ್ರಿಂಟರಿನಿಂದ ಇಳಿದು ಬಂದರು. ಗೋಡೆಯೊಳಗೆ ಗರಗಸ ಮತ್ತೆ ದಿನವಿಡೀ ಎಳೆಯಿತು, ಈಚೆ ನಾನು ಕಟ್ಟು ಹಾಕುತ್ತ ಹೋದೆ. ಎಲ್ಲ ಮುಗಿದ ಮೇಲೆ ಅವಳು ಇನ್ನೊಂದು ಹಾಳೆ ತಂದು ನನ್ನ ಮೇಜಿನ ಮೇಲೆ ಬಿಡಿಸಿದಳು. ಅದೇ ಅಳತೆ, ಅದೇ ಕಾಗದ. ಸಣ್ಣವ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಫೋಟೋ ಇರಬೇಕು. ಮಗು ಕಾಣುತ್ತಿರಲಿಲ್ಲ, ಎದೆಯ ಮೇಲೆ ಒಂದು ಪುಟ್ಟ ಪಾದ ಮಾತ್ರ ಉಳಿದಿತ್ತು.

"ಇದಕ್ಕೂ ಹಾಕು. ಅವರದಕ್ಕೆ ಹಾಕಿದ್ದೇ ಕಟ್ಟು."

"ಅಕ್ಕಾ..." ಎಂದೆ. ಅವಳು ನನಗಿಂತ ಚಿಕ್ಕವಳು. ಆ ಹೊತ್ತಿಗೆ ಹಾಗೆಯೇ ಬಾಯಿಗೆ ಬಂತು. "ಅವರು ಒಪ್ಪಲ್ಲ."

"ಕೇಳ್ತೀನಿ. ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಅನ್ನಲಿ."

ಸತ್ತವರ ಮನೆಯವರು ಸೇರುತ್ತಿದ್ದುದು ಡ್ರೈವರಪ್ಪನ ಮನೆಯ ಅಂಗಳದಲ್ಲಿ. ನಾನು ಕಟ್ಟುಗಳನ್ನು ತಲುಪಿಸಲು ಹೋದ ದಿನ ಅವಳೂ ಬಂದಳು. ಎಲ್ಲ ಮುಖಗಳನ್ನೂ ಗೋಡೆಗೆ ಒರಗಿಸಿ ಇಟ್ಟೆವು. ಕೊನೆಗೆ ಅವಳು ತಮ್ಮನದನ್ನು ತಂದಳು. ಸಾಲಿಗೆ ಸೇರಿಸಲಿಲ್ಲ, ಎದೆಗೆ ಆನಿಸಿಕೊಂಡು ನಿಂತಳು.

"ಇವನೂ ಅಲ್ಲೇ ಸತ್ತ," ಎಂದಳು. "ಇವನನ್ನೂ ಸೇರಿಸ್ಕೊಳ್ಳಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಯಾರೋ ಎದ್ದು ಹೊರಗೆ ಹೋದರು. ಡ್ರೈವರಪ್ಪ ನೆಲ ನೋಡುತ್ತ ಕೂತರು. ಅವಳಿಗಳ ತಾಯಿ ಕೂತಲ್ಲಿಂದಲೇ ಕೇಳಿದಳು:

"ಬೀಗದ ಕೈ ಯಾರ ಹತ್ರ ಇತ್ತು?"

"ಅವನ ಹತ್ರ."

"ಮತ್ತೆ?"

"ಬೀಗ ಹಾಕು ಅಂದಿದ್ದು ಅವನಲ್ಲ." ಬೂದಕ್ಕನ ಧ್ವನಿ ಅಷ್ಟರವರೆಗೆ ಗಟ್ಟಿಯಾಗಿತ್ತು, ಅಲ್ಲಿ ಒಡೆಯಿತು. "ಆ ಬಾಗಿಲ ಮೇಲೆ ಒಂದು ಬೋರ್ಡ್ ಇತ್ತಲ್ಲ, ಹಿಂದಿನ ಬಾಗಿಲು ಬಳಸುವಂತಿಲ್ಲ ಅಂತ. ಅದನ್ನ ಮುದ್ರಿಸಿದ್ದು ನಾನು. ಅವನೇ ಬಂದು ಮಾಡಿಸ್ಕೊಂಡು ಹೋದ. ಯಾಕೋ ಅಂತ ಕೇಳ್ದೆ. ಹಾಸಿಗೆ ಕವರ್ ಬಟ್ಟೆ ಹಿಂದಿನಿಂದ ಕದ್ದು ಸಾಗಿಸ್ತಾರಂತೆ, ಕೆಲಸದ ಹೊತ್ತಲ್ಲಿ ಬೀಗ ಹಾಕು ಅಂತ ಮಾಲೀಕರು ಹೇಳಿದಾರೆ ಅಂದ. ಕೆಲಸದ ಹೊತ್ತಲ್ಲಿ ತಾನೇ ಜನ ಒಳಗಿರೋದು ಅಂದೆ. ಬೀಗದ ಕೈ ನನ್ನ ಹತ್ರಾನೇ ಇರತ್ತಲ್ಲಕ್ಕ ಅಂತ ನಕ್ಕ. ನಾನೂ ಸುಮ್ನಾದೆ. ಮುದ್ರಿಸಿ ಕೊಟ್ಟೆ."

ಆಮೇಲೆ ಡ್ರೈವರಪ್ಪ ತಲೆ ಎತ್ತಿದರು.

"ಇದನ್ನ ವಿಚಾರಣೇಲಿ ಹೇಳ್ತೀಯಾ ತಾಯಿ? ಮಾಲೀಕರ ಹೆಸರು ಹಿಡಿದು?"

"ಹೇಳ್ತೀನಿ."

"ಮೊದ್ಲು ಹೇಳ್ಲಿ. ಫೋಟೋ ಆಮೇಲೆ ನೋಡೋಣ," ಎಂದಳು ಅವಳಿಗಳ ತಾಯಿ.

ಮೆರವಣಿಗೆಯ ದಿನ ಸಣ್ಣವನ ಕಟ್ಟು ನನ್ನ ಅಂಗಡಿಯಲ್ಲೇ ಉಳಿಯಿತು. ಬೂದಕ್ಕ ಎಲ್ಲರ ಹಿಂದೆ ಬರಿಗೈಯಲ್ಲಿ ನಡೆದಳು. ಬೀದಿಯ ಎರಡೂ ಬದಿ ಜನ ನಿಂತಿದ್ದರು. ಆ ಮುಖಗಳು ಹತ್ತಿರ ಬಂದ ಹಾಗೆ ಮಾತು ನಿಲ್ಲುತ್ತಿತ್ತು. ಭವನದಲ್ಲಿ ಗೋಡೆಯುದ್ದಕ್ಕೂ ತೂಗುಹಾಕಿ ದೀಪ ಹಾಕಿದಾಗ ಅವಳು ಮೊದಲು ನೋಡಿದ್ದು ಅವಳಿಗಳ ಕೆನ್ನೆಯ ನೆರಳನ್ನು. ಹಸಿರಿರಲಿಲ್ಲ.

ವಿಚಾರಣೆಗೆ ಅವಳನ್ನು ಕರೆದಾಗ ನಾನು ಹಿಂದಿನ ಸಾಲಿನಲ್ಲಿದ್ದೆ. ಅಂಗಳದಲ್ಲಿ ಹೇಳಿದ್ದನ್ನೇ ಒಂದು ಅಕ್ಷರ ಬಿಡದೆ ಹೇಳಿದಳು. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಮಾಲೀಕರ ವಕೀಲರು ಎದ್ದರು. ದನಿ ಏರಿಸಲಿಲ್ಲ, ಗದರಲಿಲ್ಲ. ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು.

"ಬೋರ್ಡ್ ಮಾಡಿಸೋಕೆ ಮಾಲೀಕರು ನಿಮ್ಮ ಅಂಗಡಿಗೆ ಬಂದಿದ್ರಾ ಅಮ್ಮ?"

"ಇಲ್ಲ."

"ಫೋನ್ ಮಾಡಿದ್ರಾ?"

"ಇಲ್ಲ."

"ಮ್ಯಾನೇಜರ್?"

"ಇಲ್ಲ."

"ಬಂದಿದ್ದು?"

"ತಮ್ಮ."

"ಮಾಲೀಕರು ಹೇಳಿದ್ದನ್ನ ನೀವು ಕಿವಿಯಾರೆ ಕೇಳಿಲ್ಲ. ತಮ್ಮ ಹಾಗಂದ ಅಂತ ಹೇಳ್ತಿದೀರಿ."

"ಹೌದು."

"ಕೆಲಸದ ಹೊತ್ತಲ್ಲಿ ಬೀಗ ಹಾಕ್ತಾನೆ ಅಂತ ಅವನ ಬಾಯಿಂದಲೇ ಕೇಳಿದ್ರಿ. ಕೈ ಅವನ ಹತ್ರಾನೇ ಇರತ್ತೆ ಅಂತಾನೂ ಕೇಳಿದ್ರಿ."

ಮಾತು ಎತ್ತ ಹೋಗುತ್ತಿದೆ ಎಂದು ಆ ಹೊತ್ತಿಗೆ ಅವಳಿಗೆ ಅರ್ಥವಾಗಿತ್ತು. ತಲೆ ತಿರುಗಿಸಿ ಗೋಡೆಯ ಮುಖಗಳನ್ನು ನೋಡಿದಳು.

"ಕೇಳಿದ್ರಿ ಅಲ್ವಾ ಅಮ್ಮ?"

"ಕೇಳಿದ್ದೆ."

"ಇಷ್ಟು ಸಾಕು," ಎಂದು ವಕೀಲರು ಕೂತರು.

ಅಲ್ಲಿಯವರೆಗೆ ಸಣ್ಣವನ ಮೇಲಿದ್ದುದು ಬರೀ ಮಾಲೀಕರ ಮಾತು. ಈಗ ಒಡಹುಟ್ಟಿದವಳ ಸಾಕ್ಷಿ ಬಿತ್ತು. ವರದಿ ಬಂದಾಗ ಬಾಗಿಲ ಹೊಣೆ ಸೂಪರ್‌ವೈಸರನದು ಎಂದಿತ್ತು. ಮಾಲೀಕರ ಪಾಲಿಗೆ ಉಳಿದದ್ದು ಮೇಲ್ವಿಚಾರಣೆಯಲ್ಲಿ ಉದಾಸೀನ ಎಂಬ ಒಂದು ಮಾತು. ಅವರು ದಂಡ ಕಟ್ಟಿ ಬೇರೊಂದು ಊರಿನಲ್ಲಿ ಕಾರ್ಖಾನೆ ತೆರೆದರು. ಸತ್ತವರ ಮನೆಗಳಿಗೆ ಸಿಕ್ಕ ಪರಿಹಾರದಲ್ಲಿ ಸಣ್ಣವನ ಹೆಂಡತಿಗೆ ಪಾಲಿರಲಿಲ್ಲ. ಅವಳು ಮಗಳನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಹೋದಳು. ಹೊರಡುವಾಗ ಅತ್ತೆಯ ಕಾಲು ಹಿಡಿದು ಅತ್ತಳು. ಬೂದಕ್ಕನ ಎದುರಿಗೆ ಹಾದು ಹೋದಳು, ಕಣ್ಣೆತ್ತಿ ನೋಡಲಿಲ್ಲ. ಮಗು ಮಾತ್ರ ಆಟೋದಿಂದ "ಅತ್ತೆ, ಅತ್ತೆ" ಎಂದು ಕೈ ಬೀಸುತ್ತಲೇ ಇತ್ತು.

ಬೂದಕ್ಕನ ಅಮ್ಮ ಆಡಿದ ಮಾತು ಇನ್ನೂ ಕೆಟ್ಟದ್ದು. ಅದನ್ನು ಬೂದಕ್ಕ ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ, ಕೆಲಸ ಮಾಡುತ್ತ, ಮುಖ ಪ್ರಿಂಟರಿನ ಕಡೆಗಿಟ್ಟುಕೊಂಡು. "ಹೊಗೆ ಕೊಂದಿದ್ದು ಸಾಲಲಿಲ್ಲ ಅಂತ ನೀನು ಬಾಯಿಂದ ಕೊಂದೆ ಅಂದ್ಲು."

"ಮುದುಕಿ, ನೋವಲ್ಲಿ ಅಂದಿರ್ತಾಳೆ. ನಾಲಿಗೆಗೆ ಮೂಳೆ ಇದೆಯಾ?"

"ಇಲ್ಲ ಫ್ರೇಮಣ್ಣ. ಬಾಯಿ ಮುಚ್ಕೊಂಡಿದ್ರೆ ಅರ್ಧ ಊರಾದ್ರೂ ಅನುಮಾನದಲ್ಲಿ ಬಿಡ್ತಿತ್ತು."

"ಮತ್ತೆ ಯಾಕೆ ಹೇಳ್ದೆ?"

"ನಡೆದಿದ್ದು ಅದೇ ಅಲ್ವಾ?" ಎಂದಳು.

ಸಣ್ಣವನ ಕಟ್ಟು ಭವನಕ್ಕೆ ಹೋಗಲೇ ಇಲ್ಲ. ವಿಚಾರಣೆ ಮುಗಿದ ಮೇಲೆ ಡ್ರೈವರಪ್ಪ ಒಬ್ಬರೇ ಬಂದರು. ಅದನ್ನು ತೆಗೆಸಿ ನೋಡಿ, ಮಗುವಿನ ಆ ಪಾದದ ಮೇಲೆ ಬೆರಳಿಟ್ಟರು. "ನನ್ನದೇನೂ ಅಡ್ಡಿ ಇರಲಿಲ್ಲಮ್ಮ. ಎಲ್ಲರ ಮಾತು ಬೇಕಲ್ಲ," ಎಂದರು ಬೂದಕ್ಕನಿಗೆ. ಆಮೇಲೆ ಕೆಲವು ಕಾಲ ಅವಳ ಅಂಗಡಿಯ ಮುಂದೆ ಬಂದಾಗೆಲ್ಲ ನಿಂತು ಮಾತಾಡಿಸಿ ಹೋಗುತ್ತಿದ್ದರು. ಈಗ ಅವರೂ ಇಲ್ಲ. ಭವನಕ್ಕೆ ಸುಣ್ಣ ಬಣ್ಣ ಮಾಡುವಾಗ ಮುಖಗಳನ್ನೆಲ್ಲ ಇಳಿಸಿ ಅವರವರ ಮನೆಗೆ ಕೊಟ್ಟರು. ಮತ್ತೆ ತೂಗುಹಾಕಲು ಯಾರೂ ಕರೆಯಲಿಲ್ಲ. ಕೆಲವು ಕಟ್ಟುಗಳು ಮನೆಯ ಗೋಡೆಗೆ ದೊಡ್ಡದಾದವು ಎಂದು ಮಂಚದ ಕೆಳಗೆ ಸೇರಿದವು.

ಅವಳಿಗಳ ತಾಯಿಯದೂ ಒಂದೇ ಕೋಣೆಯ ಮನೆ. ಒಂದು ದಿನ ಆ ದೊಡ್ಡ ಕಟ್ಟನ್ನು ರಿಕ್ಷಾದಲ್ಲಿ ಇಟ್ಟುಕೊಂಡು ನನ್ನ ಅಂಗಡಿಗೆ ಬಂದಳು. ಚಿಕ್ಕದು ಬೇಕು, ಮೇಜಿನ ಮೇಲೆ ಇಟ್ಟುಕೊಳ್ಳುವಂಥದ್ದು.

"ಕಟ್ಟು ನಾನು ಹಾಕ್ತೀನಿ. ಮುದ್ರಿಸೋದು ಪಕ್ಕದಲ್ಲಿ," ಎಂದೆ.

"ಗೊತ್ತು," ಎಂದು ಪಕ್ಕಕ್ಕೆ ಹೋದಳು. ನಾನೂ ಹಿಂದೆಯೇ ಹೋದೆ, ಏನಾಗುವುದೋ ಎಂಬ ಭಯಕ್ಕೆ.

ಸಣ್ಣವನ ಫೋಟೋವನ್ನು ಬೂದಕ್ಕ ಅಂಗಡಿಯೊಳಗಿನ ಗೋಡೆಗೆ ಹಾಕಿಕೊಂಡಿದ್ದಳು. ಒಳಗೆ ಕಾಲಿಟ್ಟವರಿಗೆ ಎದುರಿಗೇ ಕಾಣುತ್ತಿತ್ತು. ಆ ತಾಯಿ ಹೊಸ್ತಿಲಲ್ಲೇ ಅದನ್ನು ನೋಡಿ ನಿಂತಳು. ಬೂದಕ್ಕ ಎದ್ದಳು. ತೆಗೆದಿಡಲಾ ಎಂದು ಕೇಳಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ.

"ಇಬ್ಬರೂ ಒಟ್ಟಿಗೆ ಇರಲಿ," ಎಂದಳು ಆ ತಾಯಿ. "ಆವತ್ತು ಮಾಡಿದ ಬಣ್ಣಾನೇ ಬೇಕು. ಮೊದಲನೇದಲ್ಲ, ಆಮೇಲಿಂದು."

"ಆಗಲಿ. ಒಣಗೋ ತನಕ ಕೂತ್ಕೋಬೇಕಾಗತ್ತೆ."

ಒಂದು ಕುರ್ಚಿ ಇತ್ತು. ಆ ಹೆಂಗಸು ಅದನ್ನು ಎತ್ತಿ, ಬಾಗಿಲ ಕಡೆ ಮುಖ ಮಾಡಿ ಇಟ್ಟುಕೊಂಡು, ಸಣ್ಣವನಿಗೆ ಬೆನ್ನು ಹಾಕಿ ಕೂತಳು. ಪ್ರಿಂಟರು ಶುರುವಾಯಿತು. ಬೀದಿಯಲ್ಲಿ ಹೋಗಿ ಬರುವವರನ್ನು ನೋಡುತ್ತ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಮ್ಮೆಯೂ ತಿರುಗದೆ ಕಾದಳು. ಬೂದಕ್ಕ ಅವಳ ಬೆನ್ನ ಹಿಂದೆ ನಿಂತು, ಇಳಿದು ಬರುತ್ತಿದ್ದ ಹಾಳೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.